ಭಾನುವಾರದ ಮಧ್ಯಾಹ್ನಕ್ಕೊಂದು ಸಿದ್ಧತೆ: ಜರ್ಮನಿಯಲ್ಲಿ ಒಬ್ಬರೇ ಇರುವವರಿಗೆ, ಒಬ್ಬರೇ ಸುತ್ತುವವರಿಗೆ

ಪರದೇಶಕ್ಕೆ ಒಬ್ಬರೇ ಹೊರಟು ನಿಂತವರು ಸಾಮಾನ್ಯವಾಗಿ ನನ್ನನ್ನು ಕೇಳುವುದು ವೀಸಾ, ಬಾಡಿಗೆ ಮತ್ತು ಅಕ್ಕಿ ಬೇಳೆಗಳ ವಿಚಾರ. ಇವಕ್ಕೆಲ್ಲ ಉತ್ತರಗಳಿವೆ, ಕೆಲವನ್ನು ಕೆಳಗೆ ಬರೆದಿದ್ದೇನೆ. ಆದರೆ ಸ್ಟುಟ್‌ಗಾರ್ಟ್‌ನಲ್ಲಿ ಆರು ವರ್ಷ ಒಬ್ಬಳೇ ಮನೆ ಮಾಡಿಕೊಂಡಿದ್ದು ನಾನು ಕಂಡುಕೊಂಡ ಸಂಗತಿಯೆಂದರೆ, ಒಂಟಿತನವು ನಾವು ಹೆದರಿಕೊಂಡ ಹಾಗೆ ಹೊತ್ತುಗೊತ್ತಿಲ್ಲದೆ ಬಂದು ಎರಗುವುದಿಲ್ಲ. ಅದಕ್ಕೂ ಒಂದು ವೇಳಾಪಟ್ಟಿ ಇದೆ. ಭಾನುವಾರ ಮಧ್ಯಾಹ್ನ ಮೂರರಿಂದ ಆರರವರೆಗಿನ ಹೊತ್ತು, ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗಿಬಿಡುವ ಸಂಜೆ, ಜ್ವರ ಬಂದ ಎರಡನೆಯ ರಾತ್ರಿ, ಊರಿನಲ್ಲಿ ಹಬ್ಬ ನಡೆಯುತ್ತಿದ್ದು ಇಲ್ಲಿ ಎಂದಿನಂತೆ ಆಫೀಸು ಇರುವ ದಿನ. ಬರುವ ಹೊತ್ತು ಗೊತ್ತಿರುವ ನೆಂಟರಿಗೆ ನಾವು ಹೇಗೆ ಅಕ್ಕಿ ನೆನೆಸಿಡುತ್ತೇವೆಯೋ, ಹಾಗೆಯೇ ಈ ಹೊತ್ತುಗಳಿಗೂ ಮುಂಚೆಯೇ ಸಿದ್ಧತೆ ಮಾಡಿಕೊಳ್ಳಬಹುದು. ನಾನು ಇಲ್ಲಿ ಹೇಳಹೊರಟಿರುವುದು ಆ ಸಿದ್ಧತೆಯ ಕ್ರಮವನ್ನು. ಕಾಗದಪತ್ರಗಳ ಕೆಲಸ, ಬೀಗದ ಕೈ, ದೋಸೆಹಿಟ್ಟು, ರೈಲಿನ ಟಿಕೆಟ್ ಎಲ್ಲವೂ ಅದರ ಭಾಗಗಳೇ.

ಮೊದಲ ಎರಡು ವಾರ

ಜರ್ಮನಿಯಲ್ಲಿ ಹೊಸ ಮನೆಗೆ ಹೋದ ಎರಡು ವಾರದೊಳಗೆ ನಗರದ ಕಚೇರಿಗೆ ಹೋಗಿ ವಿಳಾಸವನ್ನು ನೋಂದಾಯಿಸಬೇಕು. ಇದನ್ನು ಆನ್‌ಮೆಲ್ಡುಂಗ್ ಎನ್ನುತ್ತಾರೆ. ಮನೆಯ ಮಾಲೀಕರು ಸಹಿ ಮಾಡಿಕೊಟ್ಟ ದೃಢೀಕರಣ ಪತ್ರವಿಲ್ಲದೆ ಇದು ನಡೆಯುವುದಿಲ್ಲ; ಇದಾಗದೆ ತೆರಿಗೆ ಸಂಖ್ಯೆ ಬರುವುದಿಲ್ಲ. ಕಚೇರಿಯ ಭೇಟಿಗೆ ಸಮಯ ಸಿಗುವುದಕ್ಕೇ ಕೆಲವು ಊರುಗಳಲ್ಲಿ ವಾರಗಟ್ಟಲೆ ಕಾಯಬೇಕಾಗುವುದರಿಂದ, ವಿಮಾನದ ಟಿಕೆಟ್ ಕೈಗೆ ಬಂದ ದಿನವೇ, ಅಂದರೆ ಊರಿನಲ್ಲಿ ಕುಳಿತೇ, ಆ ಸಮಯವನ್ನು ಕಾದಿರಿಸಿಕೊಳ್ಳುವುದು ಜಾಣತನ.

ನನ್ನ ನೋಂದಣಿ ಸಲೀಸಾಗಿ ಆಯಿತು, ಆದರೆ ತೆರಿಗೆ ಸಂಖ್ಯೆಯ ಪತ್ರ ಮಾತ್ರ ತಿಂಗಳಾದರೂ ಬರಲಿಲ್ಲ. ತಪ್ಪು ಯಾರದೂ ಅಲ್ಲ, ನನ್ನದೇ. ಇಲ್ಲಿಯ ಅಂಚೆಯವರು ಮನೆಯ ಸಂಖ್ಯೆಯನ್ನು ನೋಡಿ ಪತ್ರ ಹಾಕುವುದಿಲ್ಲ, ಅಂಚೆಪೆಟ್ಟಿಗೆಯ ಮೇಲಿರುವ ಹೆಸರನ್ನು ನೋಡಿ ಹಾಕುತ್ತಾರೆ. ಕಟ್ಟಡದ ಬಾಗಿಲ ಕರೆಗಂಟೆಯಲ್ಲಿಯೂ ಪೆಟ್ಟಿಗೆಯಲ್ಲಿಯೂ ಹಿಂದಿನ ಬಾಡಿಗೆದಾರನ ಹೆಸರೇ ಉಳಿದಿದ್ದರಿಂದ ನನ್ನ ಪತ್ರಗಳೆಲ್ಲ ಬಂದ ದಾರಿಯಲ್ಲೇ ಹಿಂದಿರುಗಿದ್ದವು. ನಮ್ಮ ಕಡೆಯವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ: ತಂದೆಯ ಹೆಸರಿನ ಮೊದಲಕ್ಷರ, ಊರಿನ ಹೆಸರಿನ ಮೊದಲಕ್ಷರ ಸೇರಿಸಿ ಬರೆಯುವ ರೂಢಿಯಿಂದಾಗಿ ಬ್ಯಾಂಕಿನಲ್ಲಿ ಒಂದು ಹೆಸರು, ವಿಮೆಯಲ್ಲಿ ಇನ್ನೊಂದು ಹೆಸರು ಆಗಿಬಿಡುತ್ತದೆ. ಪಾಸ್‌ಪೋರ್ಟ್‌ನಲ್ಲಿ ಅಚ್ಚಾದ ಹೆಸರನ್ನು ಅಕ್ಷರ ಬಿಡದೆ ಒಂದು ಚೀಟಿಯಲ್ಲಿ ಬರೆದು, ಮನೆಯ ಕೀಲಿ ಕೈಗೆ ಬಂದ ಗಂಟೆಯೇ ಪೆಟ್ಟಿಗೆಗೂ ಕರೆಗಂಟೆಗೂ ಅಂಟಿಸಿಬಿಡಿ. ಅಚ್ಚುಕಟ್ಟಾದ ಫಲಕವನ್ನು ಮಾಲೀಕರು ನಿಧಾನವಾಗಿ ಮಾಡಿಸಿಕೊಡಲಿ.

ಬಾಡಿಗೆಯ ಜಾಹೀರಾತಿನಲ್ಲಿ ಎರಡು ಮೊತ್ತಗಳಿರುತ್ತವೆ. ಕಾಲ್ಟ್‌ಮೀಟೆ, ಅಂದರೆ ‘ತಣ್ಣನೆಯ ಬಾಡಿಗೆ’, ಬರೀ ಗೋಡೆಗಳದ್ದು. ವಾರ್ಮ್‌ಮೀಟೆಯಲ್ಲಿ ಮನೆ ಬೆಚ್ಚಗಾಗಿಸುವ ಖರ್ಚು, ಕಸ ವಿಲೇವಾರಿ, ನೀರು ಮುಂತಾದವು ಸೇರಿರುತ್ತವೆ, ವಿದ್ಯುತ್ತು ಮಾತ್ರ ಸಾಮಾನ್ಯವಾಗಿ ಬೇರೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಿರುವವರಿಗೆ ಇಲ್ಲೊಂದು ಸಮಾಧಾನದ ಸಂಗತಿಯೂ ಇದೆ. ಠೇವಣಿಯು ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ. ಆದರೆ ಖಾಲಿ ಮನೆ ಎಂದರೆ ನಿಜವಾಗಿಯೂ ಖಾಲಿ: ಅಡುಗೆಮನೆಯಲ್ಲಿ ಒಲೆಯಿರಲಿ, ಪಾತ್ರೆ ತೊಳೆಯುವ ಸಿಂಕ್ ಕೂಡ ಇಲ್ಲದಿರುವುದುಂಟು. ಒಬ್ಬರೇ ಬರುವವರು ಮೊದಲ ವರ್ಷ ಸಾಮಾನು ಸಹಿತವಾದ ಕೋಣೆಯನ್ನು ಹಿಡಿಯುವುದು ಒಳ್ಳೆಯದು. ಸಿಂಕನ್ನು ಮೂರನೆಯ ಮಹಡಿಗೆ ಹೊತ್ತುಕೊಡಲು ಆಗಿನ್ನೂ ಗೆಳೆಯರಿರುವುದಿಲ್ಲ.

ಇದರ ಜೊತೆಗೆ ಪ್ರತಿ ಮನೆಗೂ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕವಿದೆ, ಟೀವಿ ಇರಲಿ ಇಲ್ಲದಿರಲಿ. ಅದರ ಪತ್ರ ಬಂದಾಗ ಯಾರೋ ಮೋಸಗಾರರು ಕಳಿಸಿದ್ದೆಂದು ಹರಿದು ಹಾಕಬೇಡಿ. ಊರಿನ ಬ್ಯಾಂಕಿನ ಉಳಿತಾಯ ಖಾತೆಯ ವಿಷಯವನ್ನು ಬಹಳ ಜನ ಮರೆಯುತ್ತಾರೆ: ಉದ್ಯೋಗಕ್ಕಾಗಿ ದೇಶ ಬಿಟ್ಟು ಅನಿವಾಸಿಯಾದ ಮೇಲೆ ಅದನ್ನು ಎನ್‌ಆರ್‌ಒ ಎಂಬ ಅನಿವಾಸಿಗಳ ರೂಪಾಯಿ ಖಾತೆಯಾಗಿ ಬದಲಾಯಿಸಬೇಕೆಂಬುದು ವಿದೇಶಿ ವಿನಿಮಯ ಕಾನೂನಿನ ನಿಯಮ. ಅಮ್ಮ ಕಟ್ಟಿಕೊಡುವ ಡಬ್ಬಗಳಿಗೂ ಒಂದು ಕಾನೂನಿದೆ. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಯೂರೋಪಿನ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ತರುವಂತಿಲ್ಲವಾದ್ದರಿಂದ ತುಪ್ಪ, ಧಾರವಾಡ ಪೇಡ ಎರಡೂ ಊರಿನಲ್ಲೇ ಉಳಿಯಬೇಕು. ಪ್ರಮಾಣಪತ್ರವಿಲ್ಲದ ಹಸಿ ಕರಿಬೇವೂ ಹಾಗೆಯೇ. ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳಗಳಿಗೆ ಅಡ್ಡಿಯಿಲ್ಲ. ಕರಿಬೇವು ಇಲ್ಲಿ ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ಸಿಗುತ್ತದೆ, ಕೊತ್ತಂಬರಿ ಪುದೀನ ಬದನೆಕಾಯಿ ಬೇಕಾದರೆ ತುರ್ಕಿಯವರ ಅಂಗಡಿಯೇ ಸರಿ.

ಬೀಗದ ಕೈ ಮತ್ತು ಕೆಳಮನೆಯ ಅಜ್ಜಿ

ಜರ್ಮನಿಯ ಹೆಚ್ಚಿನ ಮನೆಗಳ ಬಾಗಿಲಿಗೆ ಹೊರಗಡೆ ತಿರುಗುವ ಹಿಡಿಕೆ ಇರುವುದಿಲ್ಲ, ಅಲುಗಾಡದ ಒಂದು ಗುಂಡು ಮಾತ್ರ ಇರುತ್ತದೆ. ಬಾಗಿಲು ನಮ್ಮ ಬೆನ್ನ ಹಿಂದೆ ಮುಚ್ಚಿಕೊಂಡರೆ ಮುಗಿಯಿತು, ಬೀಗ ಹಾಕದಿದ್ದರೂ ಕೀಲಿಯಿಲ್ಲದೆ ತೆರೆಯುವುದಿಲ್ಲ. ಬಂದ ಎರಡನೆಯ ತಿಂಗಳಲ್ಲಿ, ಒಂದು ಶನಿವಾರ ರಾತ್ರಿ, ಕಸದ ಚೀಲವನ್ನು ಕೆಳಗಿಟ್ಟು ಬರಲು ಹೋದ ನಾನು ಮನೆಯಲ್ಲಿ ಉಡುವ ಬಟ್ಟೆಯಲ್ಲಿ, ಹವಾಯಿ ಚಪ್ಪಲಿಯಲ್ಲಿ, ಫೋನಿಲ್ಲದೆ ಮೆಟ್ಟಿಲ ಮೇಲೆ ನಿಂತಿದ್ದೆ. ಒಳಗೆ ಒಲೆಯ ಮೇಲೆ ಸಾರು ಇತ್ತು. ಕೆಳಮನೆಯ ಅಜ್ಜಿಯ ಬಾಗಿಲು ತಟ್ಟಿದಾಗ ಆಕೆ ತಮ್ಮ ಫೋನಿನಿಂದ ಬೀಗದವನನ್ನು ಕರೆಸಿದರು. ಆತ ಎರಡು ನಿಮಿಷದಲ್ಲಿ ಬಾಗಿಲು ತೆರೆದು ಇನ್ನೂರು ಯೂರೋಗೂ ಮೀರಿದ ಬಿಲ್ಲನ್ನು ಕೈಗಿಟ್ಟ. ಸಾರು ತಳ ಹಿಡಿದಿತ್ತು, ಪಾತ್ರೆ ಹೋಯಿತು.

ಇದರಿಂದ ಮೂರು ಕ್ರಮಗಳನ್ನು ರೂಢಿಸಿಕೊಂಡಿದ್ದೇನೆ. ಕಸಕ್ಕೆ ಹೋಗುವಾಗಲೂ ಕೀಲಿ ಕೊರಳಲ್ಲಿರುತ್ತದೆ. ಬೀಗದವನನ್ನು ಕರೆಯಲೇಬೇಕಾದರೆ ಆತ ಹೊರಡುವ ಮುಂಚೆಯೇ ಫೋನಿನಲ್ಲಿ ಒಟ್ಟು ಮೊತ್ತವನ್ನು ಹೇಳಿಸಿಕೊಳ್ಳುತ್ತೇನೆ, ರಾತ್ರಿಯ ಮತ್ತು ರಜೆಯ ಹೆಚ್ಚುವರಿ ದರವನ್ನೂ ಸೇರಿಸಿ. ಇವೆರಡಕ್ಕಿಂತ ಮುಖ್ಯವಾಗಿ, ಇನ್ನೊಂದು ಕೀಲಿಯನ್ನು ಅಜ್ಜಿಯ ಬಳಿ ಇಟ್ಟಿದ್ದೇನೆ. ನೆರೆಯವರ ಬಳಿ ಕೀಲಿ ಕೊಡುವುದೆಂದರೆ ಬಾಗಿಲು ತೆರೆಯುವ ಅನುಕೂಲವಷ್ಟೇ ಅಲ್ಲ. ನಾವು ಎರಡು ದಿನ ಕಾಣದಿದ್ದರೆ ಗಮನಿಸುವ ಒಬ್ಬ ಮನುಷ್ಯರನ್ನು ನಮ್ಮ ಕಟ್ಟಡದಲ್ಲೇ ಸಂಪಾದಿಸಿದಂತೆ. ಒಬ್ಬರೇ ಇರುವವರಿಗೆ ಇದಕ್ಕಿಂತ ದೊಡ್ಡ ವಿಮೆಯಿಲ್ಲ ಎನ್ನುವುದು ನನ್ನ ಖಚಿತವಾದ ಅಭಿಪ್ರಾಯ.

ಆದರೆ ನೆರೆಯವರ ವಿಶ್ವಾಸ ಕೀಲಿ ಕೊಟ್ಟ ಮಾತ್ರಕ್ಕೆ ಹುಟ್ಟುವುದಿಲ್ಲ. ಸ್ಟುಟ್‌ಗಾರ್ಟ್ ಇರುವ ಶ್ವಾಬಿಯಾ ಪ್ರಾಂತದಲ್ಲಿ ಕೇರ್‌ವೋಖೆ ಎಂಬ ಪದ್ಧತಿಯಿದೆ, ಗುಡಿಸುವ ವಾರ ಎಂದರ್ಥ. ಕಟ್ಟಡದ ಒಂದೊಂದು ಮನೆಯವರೂ ಸರದಿಯ ಮೇಲೆ ಒಂದೊಂದು ವಾರ ಮೆಟ್ಟಿಲುಗಳನ್ನು ಗುಡಿಸಿ ಒರೆಸಬೇಕು, ಕೆಲವು ಕಡೆ ಮನೆಯ ಮುಂದಿನ ಕಾಲುದಾರಿಯನ್ನೂ, ಚಳಿಗಾಲದಲ್ಲಿ ಅದರ ಮೇಲಿನ ಹಿಮವನ್ನೂ. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಚಿಕ್ಕ ಫಲಕ ನೇತಾಡುತ್ತಿರುತ್ತದೆ. ವಾರ ಮುಗಿದ ಮೇಲೆ ಅದನ್ನು ಮುಂದಿನವರ ಬಾಗಿಲಿಗೆ ನೇತುಹಾಕಬೇಕು. ನಾನು ಸಾಗರದ ಕಡೆಯವಳು, ಬೆಳಿಗ್ಗೆ ಎದ್ದು ಅಂಗಳ ಗುಡಿಸುವುದು ನನಗೆ ಹೊಸದಲ್ಲ. ಮೊದಲ ಸಲ ಫಲಕ ನನ್ನ ಬಾಗಿಲಿಗೆ ಬಂದಾಗ ಒಂದೊಂದು ಮೆಟ್ಟಿಲನ್ನೂ ಮೂಲೆಯಿಂದ ಮೂಲೆಗೆ ಒರೆಸಿದ್ದನ್ನು ಬಾಗಿಲ ಸಂದಿಯಿಂದ ನೋಡಿದ ಅಜ್ಜಿ, ಅಲ್ಲಿಯವರೆಗೆ ತಲೆಯಾಡಿಸಿ ಸುಮ್ಮನಾಗುತ್ತಿದ್ದವರು, ಮರುದಿನ ಪ್ಲಮ್ ಹಣ್ಣಿನ ಕೇಕಿನ ಒಂದು ತುಂಡನ್ನು ತಂದುಕೊಟ್ಟರು. ಭಾಷೆ ಬಾರದಿದ್ದ ಕಾಲದಲ್ಲಿ ನನ್ನ ಪರವಾಗಿ ಮಾತಾಡಿದ್ದು ಆ ಕಸಬರಿಗೆಯೇ.

ಭಾಷೆಯ ಬಗ್ಗೆ ಒಂದು ಮಾತು. ಇಂಗ್ಲಿಷಿನಿಂದ ಜರ್ಮನ್ ಕಲಿಯುವವರಿಗೆ ‘ಝೀ’ ಮತ್ತು ‘ಡು’ಗಳ ವ್ಯತ್ಯಾಸ ದೊಡ್ಡ ಒಗಟು. ನಮಗೆ ಅದು ನೀವು ಮತ್ತು ನೀನು, ಅಷ್ಟೇ. ಒಂದೇ ಎಚ್ಚರವೆಂದರೆ, ಬಹುವಚನದಿಂದ ಏಕವಚನಕ್ಕೆ ಇಳಿಯುವ ಮಾತನ್ನು ಹಿರಿಯರೇ ಎತ್ತಬೇಕು, ಅವರು ಎತ್ತುವ ತನಕ ನೀವು ಎಂದೇ ಕರೆಯಬೇಕು. ಅಜ್ಜಿ ನನಗೆ ಇನ್ನೂ ಝೀ ಎನ್ನುತ್ತಾರೆ, ನಾನೂ ಅವರಿಗೆ ಹಾಗೆಯೇ. ಅದರಲ್ಲಿ ದೂರವೇನೂ ಇಲ್ಲ.

ಮನೆಯೊಳಗಿನ ಕ್ರಮ

ಅಡುಗೆಯ ವಿಷಯದಲ್ಲಿ ಮೊದಲು ಎದುರಾಗುವುದು ಒಗ್ಗರಣೆ. ಎಲ್ಲ ಮನೆಗಳಲ್ಲೂ ಹೊಗೆ ಪತ್ತೆಮಾಡುವ ಯಂತ್ರ ಕಡ್ಡಾಯವಾಗಿರುವುದರಿಂದ, ಒಣಮೆಣಸಿನಕಾಯಿ ಸ್ವಲ್ಪ ಕಪ್ಪಾದರೂ ಸಾಕು, ಅದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿಕೊಳ್ಳುತ್ತದೆ. ಎಣ್ಣೆ ಕಾಯಿಸುವ ಮುಂಚೆ ಅಡುಗೆಮನೆಯ ಬಾಗಿಲು ಮುಚ್ಚಿ ಕಿಟಕಿಯನ್ನು ಪೂರ್ತಿ ತೆರೆಯಿರಿ. ಇದು ಹೇಗೂ ರೂಢಿಸಿಕೊಳ್ಳಬೇಕಾದ ಅಭ್ಯಾಸವೇ: ಚಳಿಗಾಲದಲ್ಲಿ ದಿನಕ್ಕೆ ಎರಡು ಮೂರು ಸಲ ಐದರಿಂದ ಹತ್ತು ನಿಮಿಷ ಎಲ್ಲ ಕಿಟಕಿಗಳನ್ನೂ ಅಗಲವಾಗಿ ತೆರೆದು ಗಾಳಿ ಆಡಿಸದಿದ್ದರೆ, ಅಡುಗೆಯ ಹಬೆ ಮತ್ತು ಒಣಗಹಾಕಿದ ಬಟ್ಟೆಯ ತೇವವೆಲ್ಲ ತಣ್ಣನೆಯ ಗೋಡೆಯ ಮೇಲೆ ಕುಳಿತು ಬೂಷ್ಟು ಹಿಡಿಯುತ್ತದೆ. ಮಲೆನಾಡಿನ ಮಳೆಗಾಲ ಕಂಡವರಿಗೆ ಬೂಷ್ಟಿನ ಪರಿಚಯ ಹೇಳಬೇಕಾಗಿಲ್ಲ. ಆದರೆ ಇಲ್ಲಿ ಅದು ಮನೆ ಬಿಡುವಾಗ ಠೇವಣಿಯ ಲೆಕ್ಕಕ್ಕೆ ಬರುತ್ತದೆ.

ಜ್ವರದ ರಾತ್ರಿಗೆ ಮಾಡಿಕೊಳ್ಳಬೇಕಾದ ಸಿದ್ಧತೆಯನ್ನು ಆರೋಗ್ಯವಾಗಿರುವಾಗಲೇ ಮುಗಿಸಬೇಕು. ಮನೆಯ ಹತ್ತಿರದ ಒಬ್ಬ ಕುಟುಂಬ ವೈದ್ಯರನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಏಕೆಂದರೆ ಹೊಸ ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ ಎಂದು ಹೇಳುವ ಚಿಕಿತ್ಸಾಲಯಗಳು ಬಹಳ, ನನಗೆ ನಾಲ್ಕನೆಯ ಬಾಗಿಲು ತೆರೆಯಿತು. ಚಿಕಿತ್ಸಾಲಯ ಮುಚ್ಚಿದ ಹೊತ್ತಿನಲ್ಲಿ, ಪ್ರಾಣಾಪಾಯವಿಲ್ಲದ ತೊಂದರೆಗೆ 116117 ಸಂಖ್ಯೆ; ಪ್ರಾಣಾಪಾಯಕ್ಕೂ ಬೆಂಕಿಗೂ 112; ಪೊಲೀಸರಿಗೆ 110. ಭಾನುವಾರ ಔಷಧದಂಗಡಿಗಳು ಮುಚ್ಚಿದ್ದರೂ ಸರದಿಯ ಮೇಲೆ ಒಂದು ತೆರೆದಿರುತ್ತದೆ, ಅದರ ವಿಳಾಸ ಮುಚ್ಚಿದ ಅಂಗಡಿಯ ಬಾಗಿಲಿನಲ್ಲೇ ಬರೆದಿರುತ್ತದೆ. ಪ್ಯಾರಾಸಿಟಮಾಲ್, ಥರ್ಮಾಮೀಟರ್, ಅಕ್ಕಿ, ಶುಂಠಿ, ಒಂದು ಡಬ್ಬ ಸಾರಿನ ಪುಡಿ, ಇಷ್ಟು ಯಾವಾಗಲೂ ಮನೆಯಲ್ಲಿರಬೇಕು. ಇದೇ ಊರಿನಲ್ಲಿ ಒಬ್ಬಳೇ ಇರುವ ಇನ್ನೊಬ್ಬ ಕನ್ನಡದ ಗೆಳತಿಯೂ ನಾನೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ದಿನವೂ ಬೆಳಿಗ್ಗೆ ಹತ್ತರೊಳಗೆ ಇಬ್ಬರೂ ‘ಎದ್ದೆ’ ಎಂದು ಒಂದು ಪದ ಕಳಿಸಬೇಕು. ಅದಕ್ಕೆ ಉತ್ತರ ಬೇಕಿಲ್ಲ, ಕ್ಷೇಮಸಮಾಚಾರ ಬೇಕಿಲ್ಲ. ಹನ್ನೊಂದಾದರೂ ಪದ ಬಾರದಿದ್ದರೆ ಫೋನು, ಫೋನೂ ಎತ್ತದಿದ್ದರೆ ಮನೆಯ ಬಾಗಿಲಿಗೇ ಹೋಗುವುದು. ನಾಲ್ಕು ವರ್ಷಗಳಲ್ಲಿ ಬಾಗಿಲಿನವರೆಗೆ ಹೋಗಬೇಕಾಗಿ ಬಂದದ್ದು ಒಂದೇ ಸಲ, ಆಗಲೂ ಅವಳ ಫೋನು ಬಸ್ಸಿನಲ್ಲಿ ಕಳೆದುಹೋಗಿತ್ತು ಅಷ್ಟೇ.

ಊರಿಗೆ ಫೋನು ಮಾಡುವ ಹೊತ್ತನ್ನು ಲೆಕ್ಕ ಹಾಕಿಯೇ ಇಟ್ಟುಕೊಳ್ಳಬೇಕು. ಬೇಸಿಗೆಯಲ್ಲಿ ಊರು ನಮಗಿಂತ ಮೂರೂವರೆ ಗಂಟೆ ಮುಂದಿದ್ದರೆ, ಅಕ್ಟೋಬರಿನ ಕೊನೆಯ ಭಾನುವಾರ ಇಲ್ಲಿಯ ಗಡಿಯಾರಗಳನ್ನು ಹಿಂದಕ್ಕೆ ತಿರುಗಿಸಿದ ಮೇಲೆ ನಾಲ್ಕೂವರೆ ಗಂಟೆ ಮುಂದೆ ಹೋಗುತ್ತದೆ. ಅಮ್ಮ ಒಂಬತ್ತೂವರೆಗೆ ಮಲಗುವವರಾದರೆ ಚಳಿಗಾಲದಲ್ಲಿ ಸಂಜೆ ಐದರೊಳಗೇ ಮಾತು ಮುಗಿದಿರಬೇಕು, ಆಗ ನಾವಿನ್ನೂ ಆಫೀಸಿನಲ್ಲಿರುತ್ತೇವೆ. ಆದ್ದರಿಂದ ನಾನು ಬೆಳಿಗ್ಗೆ ಏಳಕ್ಕೆ ಮಾಡುತ್ತೇನೆ. ಆಗ ಅಲ್ಲಿ ಹನ್ನೊಂದೂವರೆ, ಅಡುಗೆ ಮುಗಿಸಿ ಅಮ್ಮ ಜಗಲಿಗೆ ಬಂದಿರುತ್ತಾರೆ. ಮನಸ್ಸು ತೀರಾ ಕೆಟ್ಟಿರುವ ಗಳಿಗೆಯಲ್ಲಿ ಊರಿಗೆ ಫೋನು ಮಾಡಬಾರದು ಎಂಬುದು ನನ್ನ ನಿಯಮ. ಇದನ್ನು ಒಪ್ಪದವರಿದ್ದಾರೆಂದು ಬಲ್ಲೆ. ಆದರೆ ನಮ್ಮ ದನಿ ಒಂದು ಎಳೆ ಇಳಿದರೂ ಅಲ್ಲಿಯವರಿಗೆ ತಿಳಿದುಬಿಡುತ್ತದೆ, ನಾವು ಅರ್ಧ ಗಂಟೆಯಲ್ಲಿ ಸರಿಹೋಗಿ ಚಹಾ ಕುಡಿಯುತ್ತಿರುವಾಗ ಅವರು ರಾತ್ರಿಯಿಡೀ ಹೊರಳಾಡುತ್ತಿರುತ್ತಾರೆ. ಆ ಗಳಿಗೆಗೆ ಬೇಕಾದದ್ದು ಇದೇ ಊರಿನ ಒಬ್ಬ ಮನುಷ್ಯ, ಇಲ್ಲವೇ ಮನೆಯ ಹೊರಗಿನ ಒಂದು ಕೆಲಸ.

ಇನ್ನು ಭಾನುವಾರ. ಅಂದು ಅಂಗಡಿಗಳು ಮುಚ್ಚಿರುತ್ತವೆ. ಬೇಕರಿಗಳು ಕೆಲವು ಗಂಟೆ ತೆರೆದಿರುತ್ತವೆ, ದೊಡ್ಡ ರೈಲು ನಿಲ್ದಾಣಗಳ ಒಳಗಿನ ಅಂಗಡಿಗಳಲ್ಲಿ ದಿನಸಿ ಸಿಗುತ್ತದೆ, ಅಷ್ಟೇ. ಅಂದು ಮೌನವೂ ನಿಯಮವೇ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಖಾಲಿ ಗಾಜಿನ ಸೀಸೆಗಳನ್ನು ಬೀದಿಯ ದೊಡ್ಡ ತೊಟ್ಟಿಗೆ ಹಾಕುವಂತಿಲ್ಲ, ಮಿಕ್ಸಿ ತಿರುಗಿಸುವುದೂ ಬೇಡ. ಇಲ್ಲಿಯ ವಿದ್ಯುತ್ತು ನಮ್ಮಲ್ಲಿರುವಂತೆ 230 ವೋಲ್ಟ್, 50 ಹರ್ಟ್ಸ್ ಆದ್ದರಿಂದ ಊರಿನ ಮಿಕ್ಸಿಯು ಪ್ಲಗ್ಗಿಗೆ ಹೊಂದುವ ಅಡಾಪ್ಟರ್ ಒಂದಿದ್ದರೆ ಧಾರಾಳವಾಗಿ ನಡೆಯುತ್ತದೆ. ಶನಿವಾರ ಹಗಲು ಅಕ್ಕಿ ಉದ್ದು ರುಬ್ಬಿ, ಹಿಟ್ಟಿನ ಪಾತ್ರೆಯನ್ನು ಓವನ್ನಿನೊಳಗೆ ಇಟ್ಟು, ಬಿಸಿಯನ್ನು ಹಾಕದೆ ದೀಪವನ್ನಷ್ಟೇ ಹೊತ್ತಿಸಿಟ್ಟರೆ, ಹೊರಗೆ ಹಿಮ ಬೀಳುತ್ತಿದ್ದರೂ ಬೆಳಗಾಗುವಷ್ಟರಲ್ಲಿ ಹಿಟ್ಟು ಉಕ್ಕಿರುತ್ತದೆ. ಪಾತ್ರೆಯ ಕೆಳಗೊಂದು ತಟ್ಟೆ ಇಡುವುದನ್ನು ಮರೆಯಬೇಡಿ.

ಹಿಟ್ಟು ಇದ್ದ ಮೇಲೆ ಜನ ಬೇಕು. ತಿಂಗಳಿಗೊಂದು ಭಾನುವಾರ ಇಬ್ಬರು ಮೂವರನ್ನು ಹನ್ನೆರಡೂವರೆಗೆ ಊಟಕ್ಕೆ ಕರೆಯುವುದು ನನ್ನ ರೂಢಿ. ಸಂಜೆಗೆ ಕರೆದರೆ ಮಧ್ಯಾಹ್ನ ಖಾಲಿಯಾಗಿ ಉಳಿಯುತ್ತದೆ, ಆದ್ದರಿಂದ ಮಧ್ಯಾಹ್ನಕ್ಕೇ ಕರೆಯಬೇಕು. ಕನ್ನಡದವರ ಕೂಟಗಳು ಇವೆ, ಯುಗಾದಿ ರಾಜ್ಯೋತ್ಸವಗಳಿಗೆ ಹೋಗಿಬರುತ್ತೇನೆ; ಆದರೆ ಅಲ್ಲಿಗಷ್ಟೇ ಹೋದರೆ ಕೆಳಮನೆಯ ಅಜ್ಜಿಯೊಡನೆ ಮಾತಾಡುವಷ್ಟು ಜರ್ಮನ್ ಎಂದಿಗೂ ಬರುವುದಿಲ್ಲ. 1888ರಲ್ಲಿ ಸ್ಥಾಪನೆಯಾದ ಶ್ವಾಬಿಯಾದ ಚಾರಣ ಸಂಘವೊಂದು, ಶ್ವೆಬಿಶರ್ ಆಲ್ಬ್‌ಫೆರೈನ್ ಎಂದು ಅದರ ಹೆಸರು, ಊರೂರಿನ ಶಾಖೆಗಳ ಮೂಲಕ ವಾರಾಂತ್ಯದ ನಡಿಗೆಗಳನ್ನು ಏರ್ಪಡಿಸುತ್ತದೆ. ಗುಂಪಿನಲ್ಲಿ ನಡೆಯುವಾಗ ಮಾತಾಡಲೇಬೇಕೆಂಬ ಒತ್ತಾಯವಿರುವುದಿಲ್ಲ, ಹೊಸ ಭಾಷೆಯವರಿಗೆ ಅದು ಬಹಳ ಹಿತ.

ಒಬ್ಬರೇ ಹೊರಡುವುದು

ಒಬ್ಬರೇ ಪ್ರವಾಸ ಹೋಗುವುದನ್ನು ನಾನು ಸಾಹಸವೆಂದು ಶುರುಮಾಡಲಿಲ್ಲ, ಭಾನುವಾರವನ್ನು ಕಳೆಯುವ ಉಪಾಯವೆಂದು ಶುರುಮಾಡಿದೆ. ಹಾಗಾಗಿ ನನ್ನ ಮೊದಲ ಸಲಹೆ: ಪ್ಯಾರಿಸ್, ರೋಮ್ ಎಲ್ಲ ಆಮೇಲೆ. ಮೊದಲ ಹತ್ತು ಪ್ರಯಾಣಗಳು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಂಥವಾಗಿರಲಿ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ ಡಾಯ್ಚ್‌ಲಾಂಡ್ ಟಿಕೆಟ್ 2025ರಲ್ಲಿ 58, 2026ರ ಜನವರಿಯಿಂದ 63 ಯೂರೋ ಆಗಿದ್ದರೂ, ತಿಂಗಳಿಡೀ ದೇಶದ ಯಾವುದೇ ಮೂಲೆಯ ಬಸ್ಸು, ಟ್ರಾಮು, ಪ್ರಾದೇಶಿಕ ರೈಲುಗಳನ್ನು ಹತ್ತಬಹುದಾದ್ದರಿಂದ ಒಬ್ಬರೇ ಸುತ್ತುವವರಿಗೆ ಅದು ಲಾಭವೇ. ಐಸಿಇಯಂಥ ವೇಗದ ರೈಲುಗಳಲ್ಲಿ ಅದು ನಡೆಯುವುದಿಲ್ಲ. ತಿಂಗಳ ಚಂದಾ ಆದ್ದರಿಂದ, ಊರಿಗೆ ರಜೆಯ ಮೇಲೆ ಹೋಗುವ ತಿಂಗಳಿಗೆ ಬೇಡವೆನಿಸಿದರೆ ಹಿಂದಿನ ತಿಂಗಳ ಹತ್ತನೆಯ ತಾರೀಖಿನೊಳಗೆ ರದ್ದುಮಾಡಬೇಕು.

ರಾತ್ರಿ ತಂಗುವ ಪ್ರಯಾಣಕ್ಕೆ ಕೈಹಾಕಿದಾಗ ಯುವ ವಸತಿಗೃಹಗಳನ್ನು ನೋಡಿ. ಆ ಕಲ್ಪನೆ ಹುಟ್ಟಿದ್ದೇ ಈ ದೇಶದಲ್ಲಿ. ರಿಚರ್ಡ್ ಶಿರ್‌ಮನ್ ಎಂಬ ಶಾಲಾಶಿಕ್ಷಕರ ಪ್ರಯತ್ನದಿಂದ 1912ರಲ್ಲಿ ಆಲ್ಟೆನಾದ ಕೋಟೆಯಲ್ಲಿ ಮೊದಲ ಕಾಯಂ ಯುವ ವಸತಿಗೃಹ ತೆರೆಯಿತು. ಹೊಸ ಊರನ್ನು ಬೆಳಕಿರುವಾಗಲೇ ಮುಟ್ಟಬೇಕು ಎಂಬುದು ಎಲ್ಲರೂ ಹೇಳುವ ಮಾತು, ಆದರೆ ಇಲ್ಲಿಯ ಡಿಸೆಂಬರಿನಲ್ಲಿ ಅದರ ಅರ್ಥ ಮಧ್ಯಾಹ್ನ ಮೂರರೊಳಗೆ ಎಂದು ನೆನಪಿರಲಿ. ರಾತ್ರಿಯ ರೈಲಿನಲ್ಲಿ ಖಾಲಿ ಬೋಗಿಯ ನೆಮ್ಮದಿಗಿಂತ ಚಾಲಕರ ಹತ್ತಿರದ ಬೋಗಿ, ನಾಲ್ಕು ಜನ ಕುಳಿತಿರುವ ಸಾಲು ಮೇಲು. ಊಟಕ್ಕೆ ಒಬ್ಬರೇ ಮೇಜಿನ ಮುಂದೆ ಕೂರಲು ಸಂಕೋಚವಾಗುವವರು ದೊಡ್ಡ ಊಟವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಆಗ ಆಫೀಸಿನವರು ಒಬ್ಬೊಬ್ಬರೇ ಬಂದು ಉಂಡು ಹೋಗುತ್ತಿರುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ.

ಜರ್ಮನಿಯ ವಾಸದ ಪರವಾನಗಿ ಇದ್ದವರು ಪ್ರತ್ಯೇಕ ವೀಸಾ ಇಲ್ಲದೆ ಉಳಿದ ಶೆಂಗೆನ್ ದೇಶಗಳಲ್ಲಿ, ಅಂದರೆ ಪರಸ್ಪರ ಗಡಿ ತಪಾಸಣೆಯನ್ನು ಕೈಬಿಡಲು ಒಪ್ಪಿದ ಯೂರೋಪಿನ ದೇಶಗಳಲ್ಲಿ, ಯಾವುದೇ 180 ದಿನಗಳಲ್ಲಿ 90 ದಿನಗಳವರೆಗೆ ಇರಬಹುದು. ಆದರೆ 2024ರ ಸೆಪ್ಟೆಂಬರಿನಿಂದ ಜರ್ಮನಿಯು ತನ್ನ ಎಲ್ಲ ನೆಲಗಡಿಗಳಲ್ಲೂ ತಪಾಸಣೆಯನ್ನು ಮತ್ತೆ ಶುರುಮಾಡಿದ್ದರಿಂದ, ಗಡಿಯಾಚೆ ಫ್ರಾನ್ಸಿನಲ್ಲಿರುವ ಸ್ಟ್ರಾಸ್‌ಬರ್ಗ್‌ಗೆ ಅರ್ಧ ದಿನಕ್ಕೆಂದು ಹೋದರೂ ಪಾಸ್‌ಪೋರ್ಟ್ ಮತ್ತು ಪರವಾನಗಿಯ ಕಾರ್ಡ್ ಎರಡೂ ಚೀಲದಲ್ಲಿರಬೇಕು. ಅವುಗಳ ಫೋಟೋ ಸಾಲದು. ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಆ ದೇಶ ಶೆಂಗೆನ್‌ನಲ್ಲಿದ್ದರೂ ಯೂರೋಪಿನ ಒಕ್ಕೂಟದಲ್ಲಿಲ್ಲ. ಹಣ ಫ್ರಾಂಕ್, ಮತ್ತು ಒಕ್ಕೂಟದೊಳಗಿನ ಉಚಿತ ರೋಮಿಂಗ್ ನಿಯಮ ಅಲ್ಲಿಗೆ ಅನ್ವಯಿಸುವುದಿಲ್ಲ. ನಿಮ್ಮ ಫೋನಿನ ಯೋಜನೆಯಲ್ಲಿ ಆ ದೇಶದ ಹೆಸರು ಇದೆಯೇ ಎಂದು ನೋಡದೆ ಇಡೀ ದಿನ ನಕ್ಷೆ ಹಾಕಿಕೊಂಡು ಸುತ್ತಿದರೆ ಬಿಲ್ಲು ಬಂದಾಗ ತಿಳಿಯುತ್ತದೆ, ನನಗೆ ತಿಳಿದದ್ದೂ ಹಾಗೆಯೇ.

ಇವೆಲ್ಲಕ್ಕಿಂತ ಮುಖ್ಯವಾದದ್ದು ನೆಪ. ಜೊತೆಗಾರರಿದ್ದರೆ ಮಾತಿನಲ್ಲೇ ದಿನ ತುಂಬುತ್ತದೆ. ಒಬ್ಬರೇ ಹೋದಾಗ, ನೋಡಲೇಬೇಕಾದ ಹತ್ತು ಸ್ಥಳಗಳ ಪಟ್ಟಿ ಹಿಡಿದು ಹೋದರೆ ಮಧ್ಯಾಹ್ನ ಎರಡರ ಹೊತ್ತಿಗೆ ಕಾಲೂ ಮನಸ್ಸೂ ಬತ್ತಿ, ಯಾಕಾದರೂ ಬಂದೆನೋ ಅನಿಸುತ್ತದೆ. ನಮಗೆ ಮಾತ್ರ ಬೇಕಾದ, ಇನ್ನೊಬ್ಬರಿಗೆ ಹೇಳಿದರೆ ನಗಬಹುದಾದ ಒಂದೇ ಒಂದು ಕೆಲಸ ಇಟ್ಟುಕೊಂಡು ಹೋಗಬೇಕು: ಒಂದು ಸೇತುವೆ, ಒಂದು ಬಗೆಯ ರೊಟ್ಟಿ, ಯಾರೋ ಬದುಕಿದ್ದ ಬೀದಿ. ಕನ್ನಡದವರಿಗೆ ಈ ಪ್ರಾಂತದಲ್ಲಿ ಇಂಥ ನೆಪಗಳಿಗೆ ಬರವಿಲ್ಲ. ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಫರ್ಡಿನಾಂಡ್ ಕಿಟೆಲ್ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ಟ್ಯೂಬಿಂಗನ್‌ನಲ್ಲಿ. ಅಲ್ಲಿಯ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು.

ನಾನು ಟ್ಯೂಬಿಂಗನ್‌ಗೆ ಹೋದದ್ದು ನವೆಂಬರಿನ ಒಂದು ಭಾನುವಾರ, ಆ ತಿಂಗಳ ಭಾನುವಾರಗಳೇ ಅತಿ ಉದ್ದವಾದವು ಎಂಬ ಕಾರಣಕ್ಕೆ. ಬುತ್ತಿಗೆ ಚಪಾತಿಯೊಳಗೆ ಚಟ್ನಿಪುಡಿ ಸವರಿ ಸುತ್ತಿಕೊಂಡಿದ್ದೆ. ಹೊರಡುವ ಮುಂಚೆ ಎಲ್ಲಿಗೆ ಹೋಗುತ್ತೇನೆ, ಯಾವ ರೈಲಿಗೆ ಬರುತ್ತೇನೆ ಎಂದು ಗೆಳತಿಗೆ ಬರೆದು, ಅಜ್ಜಿಗೂ ಒಂದು ಮಾತು ಹೇಳಿದ್ದೆ. ನೆಕ್ಕಾರ್ ನದಿಯ ನಡುಗಡ್ಡೆಯಲ್ಲಿ ಎರಡು ಸಾಲು ಹಳೆಯ ಚಿನಾರ್ ಜಾತಿಯ ಮರಗಳಿವೆ, ಅವುಗಳ ಅಗಲವಾದ ಎಲೆ ಬಿದ್ದು ದಾರಿಯೇ ಕಾಣುತ್ತಿರಲಿಲ್ಲ. ಎದುರು ದಡದಲ್ಲಿ, 1807ರಿಂದ 1843ರಲ್ಲಿ ತೀರಿಕೊಳ್ಳುವವರೆಗೆ ಕವಿ ಹ್ಯೋಲ್ಡರ್ಲಿನ್ ಇದ್ದ ಹಳದಿ ಗೋಪುರ. ಲೋಕವನ್ನು ತೊರೆದು ಒಂಟಿಯಾಗಿ ಬದುಕಿದ ಕವಿ ಎಂದೇ ಆತನನ್ನು ನೆನೆಯುತ್ತಾರೆ, ಆದರೆ ಆ ಮೂವತ್ತಾರು ವರ್ಷ ಆತನಿಗೆ ಊಟ ಕೊಟ್ಟು ನೋಡಿಕೊಂಡವರು ಅದೇ ಮನೆಯಲ್ಲಿದ್ದ ಬಡಗಿಯ ಸಂಸಾರ. ಅವರ ಬಳಿಯೂ ಒಂದು ಕೀಲಿ ಇದ್ದಿರಬೇಕು ಎಂದುಕೊಂಡೆ.

ಕಿಟೆಲ್ ಓಡಾಡಿರಬಹುದಾದ ಬೀದಿಗಳಲ್ಲಿ ನಾನು ಮಾಡಿದ ಕೆಲಸವೆಂದರೆ ಇಷ್ಟೇ: ಫೋನಿನಲ್ಲಿ ನಿಘಂಟಿನ ಒಂದು ಪುಟ ತೆರೆದು, ಕಲ್ಲುಹಾಸಿನ ಏರುದಾರಿಯಲ್ಲಿ ನಿಂತಲ್ಲಿ ಕೂತಲ್ಲಿ, ಪದಗಳನ್ನು ಸಣ್ಣ ದನಿಯಲ್ಲಿ ಬಾಯಿಬಿಟ್ಟು ಓದಿಕೊಂಡು ಹೋದದ್ದು. ಹತ್ತು ದಿನಗಳಿಂದ ಬಾಯಲ್ಲಿ ಕನ್ನಡ ಆಡಿರಲಿಲ್ಲ, ಬರೀ ಸಂದೇಶಗಳಲ್ಲಿ ಬರೆದಿದ್ದೆ. ಮೂರು ಗಂಟೆ ಯಾವಾಗ ಕಳೆಯಿತೋ ತಿಳಿಯಲಿಲ್ಲ, ಕತ್ತಲಾದದ್ದು ರೈಲಿನ ಕಿಟಕಿಯಲ್ಲಿ ನನ್ನ ಮುಖವೇ ಕಾಣತೊಡಗಿದಾಗ ಗೊತ್ತಾಯಿತು.

ಮನೆಗೆ ಬಂದು, ಬಂದೆ ಎಂದು ಹೇಳಲು ಅಜ್ಜಿಯ ಬಾಗಿಲು ತಟ್ಟಿದೆ. ಎಲ್ಲಿಗೆ ಹೋಗಿದ್ದಿರಿ, ಅಲ್ಲೇನಿತ್ತು ಎಂದು ಕೇಳಿದರು. ನಮ್ಮ ಭಾಷೆಗೆ ದೊಡ್ಡ ನಿಘಂಟು ಮಾಡಿಕೊಟ್ಟ ನಿಮ್ಮವರೊಬ್ಬರು ಅಲ್ಲಿದ್ದರು ಎಂದೆ. ಯಾವ ಊರಿನವರು ಎಂದು ಕೇಳಿದರು. ಹುಟ್ಟಿದ್ದು ಉತ್ತರ ಸಮುದ್ರದ ಕಡೆ, ಈಸ್ಟ್ ಫ್ರೀಸಿಯಾದಲ್ಲಿ ಎಂದೆ. ಅಜ್ಜಿ ಕೈಯಾಡಿಸಿಬಿಟ್ಟರು. “ಅವರು ನಮ್ಮವರು ಹೇಗಾದಾರು? ಮೇಲಿನ ಉತ್ತರದವರು!” ಎಂದರು. ಆಗ ನಾನು, 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು ಬ್ರಾಕನ್‌ಹೈಮ್‌ನಲ್ಲಿ, ತೀರಿಕೊಂಡದ್ದು ಎಸ್ಲಿಂಗನ್‌ನಲ್ಲಿ ಎಂದು ಹೇಳಿದೆ. ಬ್ರಾಕನ್‌ಹೈಮ್ ದ್ರಾಕ್ಷಿತೋಟಗಳ ಊರು, ಅಲ್ಲಿಯ ದ್ರಾಕ್ಷಾರಸದ ಸೀಸೆ ಅಜ್ಜಿಯ ಕಪಾಟಿನಲ್ಲೇ ಇತ್ತು. ಅದನ್ನು ತೆಗೆದು ತೋರಿಸಿ, “ಇವರು ನಮ್ಮವರು” ಎಂದು ಒಪ್ಪಿಕೊಂಡರು. ಎಸ್ಲಿಂಗನ್‌ಗೆ ನಗರದ ರೈಲಿನಲ್ಲೇ ಹೋಗಬಹುದು, ಕಾಲು ಗಂಟೆಯ ದಾರಿ. ಮುಂದಿನ ಭಾನುವಾರ ಹೋಗುವುದಾದರೆ ತಾವೂ ಬರುವುದಾಗಿ ಅಜ್ಜಿ ಹೇಳಿದರು. ಆದರೆ ಅದಕ್ಕೆ ಮುಂಚೆ, ಆ ವಾರದ ಫಲಕ ನನ್ನ ಬಾಗಿಲಿಗೆ ಬಂದಿರುವುದನ್ನು ನೋಡಿದೆನೋ ಇಲ್ಲವೋ ಎಂದೂ ಕೇಳಿದರು.